ಆ ಸದ್ದು ಬರುವ ತನಕ

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಲಾಡ್ಲೆಸಾಬನ ಪಂಕ್ಚರ್ ಅಂಗಡಿ. ಅಂಗಡಿಯೆಂದರೆ ಮೇಲೆ ತಗಡು, ಕೆಳಗೆ ಮಣ್ಣು, ನಡುವೆ ಗಾಳಿ ತುಂಬುವ ಯಂತ್ರ, ಟ್ಯೂಬು ಮುಳುಗಿಸುವ ನೀರಿನ ಬುಟ್ಟಿ, ಸುತ್ತ ಸವೆದ ಟೈರುಗಳ ರಾಶಿ. ಮೂಲೆಯಲ್ಲೊಂದು ಟಿ.ವಿ. ಬಂದವರು ಕ್ರಿಕೆಟ್ ಹಾಕೆನ್ನುತ್ತಿದ್ದರು. ಭಾನುವಾರ ಸಂಜೆ ಮಾತ್ರ ಲಾಡ್ಲೆಸಾಬ ಯಾರ ಮಾತೂ ಕೇಳುತ್ತಿರಲಿಲ್ಲ. ಅಂದು ಕಾರುಗಳ ಓಟ. ಛಾವಣಿಯಿಲ್ಲದ, ಗಾಲಿಗಳ ಮೇಲೆ ಮಡ್‌ಗಾರ್ಡಿಲ್ಲದ ಕಾರುಗಳು. ಒಬ್ಬನೇ ಮನುಷ್ಯ ತೊಟ್ಟಿಲಲ್ಲಿ ಒರಗಿದ ಹಾಗೆ ಕೂತು ಸಿಡಿಲಿನಂತೆ ಹೊಡೆಯುವ ಕಾರುಗಳು.

ನೋಡುವವರು ಇಬ್ಬರೇ. ಒಬ್ಬ ಲಾಡ್ಲೆಸಾಬ, ಇನ್ನೊಬ್ಬ ಮಾದನಹಿಪ್ಪರಗಾದ ಗುರಣ್ಣ. ಗುರಣ್ಣ ಆಳಂದಕ್ಕೂ ತನ್ನೂರಿಗೂ ಟಂಟಂ ಆಟೋ ಓಡಿಸುವವನು. ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕದವನು. ಲಾಡ್ಲೆಸಾಬ ಐದು ಹೊತ್ತಿನ ನಮಾಜಿನವನು. ದೇವರ ವಿಷಯದಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಜಗಳವೆಲ್ಲ ಕೆಂಪು ಕಾರು ದೊಡ್ಡದೋ ಬೆಳ್ಳಿ ಕಾರು ದೊಡ್ಡದೋ ಎಂಬುದರಲ್ಲೇ.

ಪ್ರತಿ ವರ್ಷ ಓಟದ ಹೊಸ ವೇಳಾಪಟ್ಟಿ ಬಂದಾಗ ಇಬ್ಬರೂ ಕೂತು ಯಾವ ಓಟ ರಂಜಾನಿನಲ್ಲಿ ಬಿತ್ತು, ಯಾವುದು ಶ್ರಾವಣದಲ್ಲಿ ಬಿತ್ತು ಎಂದು ನೋಡಿಕೊಳ್ಳುತ್ತಿದ್ದರು. ರೋಜಾ ಬಿಡುವ ಹೊತ್ತಿಗೇ ಓಟ ಶುರುವಾದರೆ ಗುರಣ್ಣನೇ ಖಜೂರ ಹಿಡಿದು ಕೂರುವನು. "ಲೇ ಲಾಡ್ಲ್ಯಾ, ಬಾಂಗ್ ಆತು. ಮೊದ್ಲ ಬಾಯಿಗೆ ಹಾಕ್ಕೊ, ಕಾರು ಎಲ್ಲಿ ಹೋಗ್ತಾವ, ಸುತ್ತಿ ಇಲ್ಲಿಗೇ ಬರ್ತಾವ."

ನೋಡುವಾಗ ಗುರಣ್ಣನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಟಿ.ವಿ.ಯಲ್ಲಿ ತಿರುವು ಬಂದರೆ ಇಲ್ಲಿ ಇವನು ನೆಲವನ್ನೇ ಬ್ರೇಕಿನಂತೆ ಒತ್ತುವನು.

"ನಮ್ಮ ಕಡೆ ಟ್ರ್ಯಾಕ್ ಮಾಡಂದ್ರ ಎಲ್ಲಿ ಮಾಡ್ತಿ?" ಎಂದು ಲಾಡ್ಲೆಸಾಬ ಕೆಣಕುವನು.

"ಆಳಂದದಿಂದ ಬಿಡೂದು. ಅಫಜಲಪುರತನ ಹೊಡದು, ಭೀಮಾ ದಾಟಿ, ಜೇವರ್ಗಿಗೆ ತಿರುವಿ, ವಾಪಸ್ ಆಳಂದ."

"ಹಳ್ಳಿಗೊಂದು ರೋಡ್ ಹಂಪ್ ಅದಾವಲ್ಲೊ ಯಪ್ಪಾ. ಕಾರಿನ ಹೊಟ್ಟಿ ಹರೀತದ."

"ಹರೀಲಿ. ಪಂಕ್ಚರ್ ತಿದ್ದಾಕ ನೀ ಇಲ್ಲೇನು?"

"ಪಾಳಿ ಹಚ್ಚಬೇಕು ಅಂತ ಹೇಳು ಅವರಿಗಿ. ಮೊದ್ಲ ಹಿರೋಳ್ಳಿ ಗೌಡರ ಟ್ರ್ಯಾಕ್ಟರ್ ಅದ."

ಇಬ್ಬರೂ ಒಮ್ಮೆ, ಒಂದೇ ಒಮ್ಮೆ, ದಿಲ್ಲಿ ಕಡೆ ಹೋಗಿ ಆ ಓಟವನ್ನು ಕಣ್ಣಾರೆ ಕಂಡು ಬಂದಿದ್ದರು. ಕಂಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮೊದಲ ಕಾರು ಎದುರಿನಿಂದ ಹಾದು ಹೋದಾಗ ಆ ಸದ್ದು ಕಿವಿಯಲ್ಲಿ ಅಲ್ಲ, ಪಕ್ಕೆಲುಬಿನಲ್ಲಿ ಬಾರಿಸಿತ್ತು. ಗುರಣ್ಣ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದನು. "ಲಾಡ್ಲ್ಯಾ, ಓಂಕಾರ ಅಂದ್ರ ಹಿಂಗ ಇರಬೇಕು ನೋಡು" ಎಂದಿದ್ದನು. ಲಾಡ್ಲೆಸಾಬ ನಕ್ಕಿರಲಿಲ್ಲ. ಅವನಿಗೂ ಮೈ ಜುಮ್ಮೆಂದಿತ್ತು.

ಮುಂದಿನ ವೇಳಾಪಟ್ಟಿಯಲ್ಲಿ ನಮ್ಮ ದೇಶದ ಹೆಸರಿರಲಿಲ್ಲ. ಒಂದು ವರ್ಷ ಬಿಟ್ಟು ಬರುತ್ತದೆ ಎಂದರು. ಗುರಣ್ಣ ಒಂದು ಗುರುವಾರ ಲಾಡ್ಲೆಸಾಬನ ಜೊತೆ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹೋದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಸಕ್ಕರೆಗೆ ಫಾತೆಹಾ ಓದಿಸಿ ಹೊರಗೆ ಬಂದವನು ಚಪ್ಪಲಿ ಮೆಟ್ಟದೆ ನಡೆದುಬಿಟ್ಟ.

"ಲೇ, ಕೆರ ಬಿಟ್ಟಿ."

"ಬಿಡಬೇಕಂತೇ ಬಿಟ್ಟೀನಿ. ಆ ಸದ್ದು ಮತ್ತ ನಮ್ಮ ಮಣ್ಣಿಗೆ ಬರೂತನ ಕಾಲಿಗೆ ಏನೂ ಮೆಟ್ಟಂಗಿಲ್ಲಂತ ಬೇಡ್ಕೊಂಡೀನಿ."

ಲಾಡ್ಲೆಸಾಬ ಹಣೆ ಬಡಿದುಕೊಂಡ. ಮಾತು ಆಗಲೇ ದೇವರ ಉಡಿಯಲ್ಲಿ ಬಿದ್ದಿತ್ತು.

ವರ್ಷವೆಂಬುದು ಗಾಲಿಯಂತೆ ಉರುಳಿತು. ಯಾವುದೋ ಮರುಭೂಮಿಯ ದೇಶಗಳಿಗೆ ಓಟ ಬಂತು, ಸಮುದ್ರ ದಂಡೆಯ ಊರುಗಳಿಗೆ ಬಂತು; ಇಲ್ಲಿಗೆ ಬರಲಿಲ್ಲ. ಗುರಣ್ಣ 'ಬರಿಗಾಲ ಗುರಣ್ಣ' ಆದ. ಬೇಸಿಗೆಯ ಡಾಂಬರಿನ ಮೇಲೂ, ತೊಗರಿ ಕೂಳೆಯ ಹೊಲದಲ್ಲೂ ಅದೇ ಬರಿಗಾಲು. ಹರಕೆ ಯಾತರದು ಎಂದು ಕೇಳಿದವರಿಗೆ ಅವನ ಹೆಂಡತಿ ಗಂಗಾಬಾಯಿಯೇ ಉತ್ತರ ಹೇಳುತ್ತಿದ್ದಳು: ಮಳೆಯ ಸಲುವಾಗಿ ಎಂದು.

"ಖರೆ ಹೇಳಿದ್ರ ಏನಾಗ್ತದ ವೈನಿ?" ಎಂದು ಲಾಡ್ಲೆಸಾಬ ಒಮ್ಮೆ ಕೇಳಿದ್ದ.

"ಮಂದಿ ಮಕ್ಕಳ ಸಲುವಾಗಿ ಹರಕಿ ಹೊರ್ತಾರ, ದನದ ಸಲುವಾಗಿ ಹೊರ್ತಾರ. ನನ್ನ ಗಂಡ ಕಾರಿನ ಸಲುವಾಗಿ ಹೊತ್ತಾನಂತ ಹೇಳ್ಲೇನಣ್ಣ? ನಮ್ಮ ತವರುಮನಿ ಅಫಜಲಪುರದಾಗ ಗೊತ್ತಾದ್ರ ಸಂತಿ ತುಂಬ ನಗ್ತಾರ."

ನಗುತ್ತಾರೆಂಬ ಅಂಜಿಕೆ ಮೂವರಿಗೂ ಇತ್ತು. ಹಾಗಾಗಿ ಆ ಹರಕೆ ಮೂವರ ನಡುವೆಯೇ ಉಳಿಯಿತು.

ಗುರಣ್ಣನಿಗೆ ಸಕ್ಕರೆ ಕಾಯಿಲೆ ಕಂಡಾಗ ವೈದ್ಯರು ಮೊದಲು ಹೇಳಿದ್ದೇ ಚಪ್ಪಲಿಯ ಮಾತು. ಅಂದಿನಿಂದ ಲಾಡ್ಲೆಸಾಬನಿಗೆ ನಿದ್ದೆಯಿಲ್ಲ. ಸಿಕ್ಕಾಗಲೆಲ್ಲ ಒಂದೇ ರಾಗ: "ಗುರ್ಯಾ, ಚಪ್ಪಲ್ ಹಾಕ್ಕೊಳ್ಳೊ. ನನ್ನ ಸಲುವಾಗ್ಯಾರ ಹಾಕ್ಕೊಳ್ಳೊ."

"ನಿನ್ನ ಸಲುವಾಗಿ ಪ್ರಾಣ ಕೊಡ್ತೀನಿ. ಕೊಟ್ಟ ಮಾತು ಹೆಂಗ ಕೊಡಲಿ? ಅದು ನಂದಲ್ಲ."

ಹೀಗಿರುವಾಗ ಹೈದರಾಬಾದಿಗೆ ಓಟ ಬರುತ್ತದೆಂಬ ಸುದ್ದಿ ಬಂತು. ಅವೇ ಬೋಳು ಗಾಲಿಯ, ಒಬ್ಬನೇ ಕೂರುವ ಕಾರುಗಳು. ಆದರೆ ಬ್ಯಾಟರಿಯವು. ಹುಸೇನ್ ಸಾಗರದ ದಂಡೆಯ ರಸ್ತೆಯೇ ಟ್ರ್ಯಾಕು. ಲಾಡ್ಲೆಸಾಬನಿಗೆ ಅಲ್ಲಾಹನೇ ಬಾಗಿಲು ತೆಗೆದಂತಾಯಿತು. ಜೇವರ್ಗಿಗೆ ಕೊಟ್ಟ ತಂಗಿ ಮಸರತಳಿಗೆ ಹೇಳಿ, ಅಲ್ಲಿಯ ಒಳ್ಳೆಯ ಕೈಗಾರನಿಂದ ಗುರಣ್ಣನ ಅಳತೆಯ ಮೆತ್ತನೆ ಚರ್ಮದ ಚಪ್ಪಲಿ ಹೊಲಿಸಿದ. ಕೈಚೀಲದಲ್ಲಿ ಬಚ್ಚಿಟ್ಟುಕೊಂಡು ಗೆಳೆಯನನ್ನು ಬಸ್ಸು ಹತ್ತಿಸಿದ.

ಹೈದರಾಬಾದಿನಲ್ಲಿ ಎಂಥ ಜನ! ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡಿದ್ದರು, ಬುರ್ಖಾ ತೊಟ್ಟ ಮುದುಕಿಯೊಬ್ಬಳು ಮೊಮ್ಮಗನ ಹೆಗಲು ಹಿಡಿದು ತುದಿಗಾಲಲ್ಲಿ ನಿಂತಿದ್ದಳು. ಓಟ ಬಿಡುವ ಕೆಂಪು ದೀಪಗಳು ಆರಿದವು. ಕಾರುಗಳು ಬಂದವು, ಹೋದವು. ಹಿಟ್ಟಿನ ಗಿರಣಿ ದೂರದಲ್ಲಿ ತಿರುಗಿದಂತೆ ಒಂದು ಸಣ್ಣ ಕೀಂಕಾರ. ಅಷ್ಟೇ. ಜನರ ಕೂಗೇ ಅದಕ್ಕಿಂತ ಜೋರಾಗಿತ್ತು.

ಲಾಡ್ಲೆಸಾಬ ಕೈಚೀಲದಿಂದ ಚಪ್ಪಲಿ ತೆಗೆದು ಗೆಳೆಯನ ಕಾಲ ಬಳಿ ಇಟ್ಟ. "ಬಂತಲ್ಲೊ. ನಮ್ಮ ಮಣ್ಣಿಗೆ ಬಂತು. ಹಾಕ್ಕೊ."

ಗುರಣ್ಣ ಚಪ್ಪಲಿಯನ್ನು ನೋಡಿದ, ಅದರ ಅಂಚನ್ನು ಬೆರಳಿನಿಂದ ಸವರಿದ. "ಛಲೋ ಹೊಲಿಸೀ. ಕಾರೂ ಖರೆ ಅದಾವ. ಆದ್ರ ನಾ ದರ್ಗಾದಾಗ ಸದ್ದು ಬೇಡೀನಿ. ಸದ್ದೆಲ್ಲದ?"

"ದೇವರೇನು ವಕೀಲನೇನೊ, ಅಕ್ಷರ ಹಿಡದು ಜಗ್ಗಾಕ?"

"ವಕೀಲ ಅಲ್ಲಲ್ಲ, ಅದಕ್ಕ ಅವಗ ಮೋಸ ಮಾಡಬಾರದು."

ಲಾಡ್ಲೆಸಾಬನ ಮುಖ ಬಾಡಿತು. ಅದನ್ನು ನೋಡಲಾರದೆ ಗುರಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. "ಹಿಂಗ ಮಾಡೋಣು. ಬರೂ ವರ್ಷ ಮತ್ತ ಇಲ್ಲೇ ಬರೋಣು. ಎರಡನೇ ಸಲ ಬಂದ್ರ, ಇವು ನಮ್ಮ ಮನಿಗೇ ಬಂದಾವಂತ ತಿಳ್ಕೊಂಡು ಹಾಕ್ಕೋತೀನಿ. ಸದ್ದಿನ ತಪ್ಪಿಗೆ ಕಾಯಿ ಒಡದು ಕ್ಷಮಾ ಕೇಳ್ತೀನಿ. ಆತಿಲ್ಲ?"

ಲಾಡ್ಲೆಸಾಬ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡ. ಒಂದು ವರ್ಷ ತಾನೇ ಎಂದುಕೊಂಡ. ವರ್ಷವಿಡೀ ಹೈದರಾಬಾದಿನ ಹೆಸರನ್ನು ಅವನು ತಸ್ಬಿಯ ಮಣಿಯಂತೆ ಮನಸ್ಸಿನಲ್ಲೇ ಸರಿಸಿದ. ವೇಳಾಪಟ್ಟಿಯಲ್ಲಿ ಆ ಹೆಸರಿತ್ತು. ಓಟ ಇನ್ನೇನು ಬಂತು ಎನ್ನುವಾಗ ಆ ಹೆಸರನ್ನು ತೆಗೆದುಬಿಟ್ಟರು. ಯಾಕೆಂದು ಆಳಂದದ ಪಂಕ್ಚರ್ ಅಂಗಡಿಗೆ ಬಂದು ಹೇಳುವವರು ಯಾರಿದ್ದಾರೆ?

ಅದೇ ಹೊತ್ತಿಗೆ ಗುರಣ್ಣನ ಬಲಗಾಲು ಬಾತುಕೊಂಡಿತು. ಅಂಗಾಲು ಎತ್ತಿನ ಗೊರಸಿನಂತೆ ಗಟ್ಟಿಯಾಗಿತ್ತು, ಒಳಗೆ ಸಕ್ಕರೆ ಅರಿವನ್ನೇ ತಿಂದುಬಿಟ್ಟಿತ್ತು. ಏನು ಚುಚ್ಚಿತು, ಯಾವಾಗ ಚುಚ್ಚಿತು, ಅವನಿಗೇ ಗೊತ್ತಿಲ್ಲ. ಗಂಗಾಬಾಯಿ ವಾಸನೆ ಹಿಡಿದು ನೋಡುವಾಗ ಹಿಮ್ಮಡಿ ಕಪ್ಪಾಗಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ವೈದ್ಯರು ಗಾಯ ಬಿಡಿಸಿ, ಒಂದು ಹತ್ತಿಯ ಮೇಲೆ ಅದನ್ನಿಟ್ಟು ತೋರಿಸಿದರು. ಕೂದಲೆಳೆಯಷ್ಟು ಸಣ್ಣ ಉಕ್ಕಿನ ತಂತಿ.

"ಮುಳ್ಳಲ್ಲ. ಇದೇನೋ ತಂತಿ" ಎಂದರು.

ಲಾಡ್ಲೆಸಾಬನಿಗೆ ಯಾರೂ ಹೇಳಬೇಕಿರಲಿಲ್ಲ. ಸವೆದ ರೇಡಿಯಲ್ ಟೈರು ಹರಿದಾಗ ಒಳಗಿಂದ ಹೊರಬರುವ ತಂತಿ ಅದು. ದಿನವೂ ಅವನ ಬೆರಳಿಗೆ ಚುಚ್ಚುವಂಥದು, ಅವನು ಕಿತ್ತು ನೆಲಕ್ಕೆಸೆಯುವಂಥದು. ಭಾನುವಾರ ಸಂಜೆ, ತಿರುವು ಬಂದಾಗಲೆಲ್ಲ ಗುರಣ್ಣ ಬಲಗಾಲಿನಿಂದ ಒತ್ತುತ್ತಿದ್ದದ್ದು ಅದೇ ನೆಲವನ್ನು.

ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದರು. ತೆಗೆದರು.

ಲಾಡ್ಲೆಸಾಬ ಆಸ್ಪತ್ರೆಯಿಂದ ನೇರ ದರ್ಗಾಕ್ಕೆ ಬಂದ. ಅಲ್ಲಿಯ ಹಿರಿಯ ಮುಜಾವರರ ಮುಂದೆ ಕೂತು, ಹತ್ತು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಿದ. ಕಾರು ಎಂದಾಗ ನಗುತ್ತಾರೆಂದು ತಲೆ ತಗ್ಗಿಸಿದ.

ಅವರು ನಗಲಿಲ್ಲ.

"ಹರಕಿಗೆ ಸಣ್ಣದು ದೊಡ್ಡದು ಇಲ್ಲ ಬೇಟಾ. ಹೊತ್ತವನ ಕೈಲಿ ಆಗದಿದ್ರ ಅವನ ತಾಟಿನಾಗ ಉಂಡವರು ಯಾರಾದ್ರೂ ಹೊತ್ಕೋಬಹುದು. ನಮ್ಮ ಹಿರೇರಿಂದ ನಡದು ಬಂದದ್ದು. ಎತ್ತು ಸೋತ್ರ ನೊಗಕ್ಕ ಇನ್ನೊಂದು ಎತ್ತು ಹೂಡಂಗಿಲ್ಲೇನು?" ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಇಷ್ಟು ದಿನ ಯಾಕ ಬಂದು ಕೇಳಲಿಲ್ಲ?"

ಮಂದಿ ನಗುತ್ತಾರೆಂದು ಕೇಳಲಿಲ್ಲ ಎಂಬ ಮಾತನ್ನು ಯಾವ ಬಾಯಿಯಿಂದ ಹೇಳುವುದು? ನೂರು ಹೆಜ್ಜೆಯಾಚೆ ತನ್ನ ಅಂಗಡಿ. ದಿನವೂ ಇದೇ ಬಾಗಿಲ ಮುಂದೆ ಓಡಾಡಿದ್ದ. ಲಾಡ್ಲೆಸಾಬ ಮುಜಾವರರು ಹರಸಲು ಎತ್ತಿದ ನವಿಲುಗರಿಯ ಕೆಳಗೆ ತಲೆಯೊಡ್ಡಿ ಅತ್ತ. ಎದ್ದು ಹೊರಗೆ ಬಂದಾಗ ಹೊಸ್ತಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯನ್ನು ನೋಡಿದ. ನೋಡಿ, ಬಿಟ್ಟು ನಡೆದ.

ಗುರಣ್ಣ ಮನೆಗೆ ಬಂದ ಮೇಲಿನ ಭಾನುವಾರ ಲಾಡ್ಲೆಸಾಬ ಮಾದನಹಿಪ್ಪರಗಾಕ್ಕೆ ಹೋದ. ಗುರಣ್ಣ ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದ. ಲಾಡ್ಲೆಸಾಬ ಅವನ ಕೆಳಗೆ ನೆಲದ ಮೇಲೆ ಕೂತ.

"ಆ ತಂತಿ ನನ್ನ ಅಂಗಡೀದು ಗುರ್ಯಾ."

"ಗೊತ್ತದ. ನಾನೂ ಗಾಡಿ ಹೊಡಿಯಾಂವನೇ ಅಲ್ಲೇನು? ಇಷ್ಟು ವರ್ಷ ಚಹಾ ಕೊಟ್ಟದ್ದೂ ನಿನ್ನ ಅಂಗಡೀನೇ. ಸುಮ್ನ ಕೂಡು."

ಲಾಡ್ಲೆಸಾಬ ಚೀಲದಿಂದ ಜೇವರ್ಗಿಯ ಚಪ್ಪಲಿ ತೆಗೆದ. ಎಡಗಾಲಿನದನ್ನು ಮಾತ್ರ ತೆಗೆದ. ಇನ್ನೊಂದು ಚೀಲದಲ್ಲೇ ಉಳಿಯಿತು. "ನಿನ್ನ ಹರಕಿ ನಾ ಹೊತ್ತೀನಿ. ಮುಜಾವರರು ಆಗ್ತದಂದಾರ. ಇನ್ನ ನೀ ಹಾಕ್ಕೊಂಡ್ರ ದೋಷಿಲ್ಲ."

ಗುರಣ್ಣನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಗೆಳೆಯನ ಪಾದಗಳ ಮೇಲೆ ಕಣ್ಣು ಬಿತ್ತು. ಧೂಳು ಮೆತ್ತಿದ್ದವು, ಹೆಬ್ಬೆರಳು ಒಡೆದಿತ್ತು, ಬರಿಗಾಲಿಗೆ ಇನ್ನೂ ರೂಢಿಯಾಗದ ಮೆದು ಚರ್ಮ.

"ಲೇ ಲಾಡ್ಲ್ಯಾ, ಚಪ್ಪಲ್ ಹಾಕ್ಕೊಳ್ಳೊ" ಎಂದ. "ನನ್ನ ಸಲುವಾಗ್ಯಾರ ಹಾಕ್ಕೊಳ್ಳೊ."

"ಮಾತು ಕೊಟ್ಟಾತು. ಅದು ನಂದಲ್ಲಪ್ಪ ಈಗ" ಎಂದು ಲಾಡ್ಲೆಸಾಬ ಬಗ್ಗಿ ಅವನ ಎಡಗಾಲಿಗೆ ಚಪ್ಪಲಿ ತೊಡಿಸಿದ. ಸರಿಯಾಗಿ ಕೂತಿತು. ಒಳಗೆ ಗಂಗಾಬಾಯಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಆಮೇಲೆ ಮಾಡಲು ಬೇರೇನೂ ತೋಚದೆ ಲಾಡ್ಲೆಸಾಬ ಮೊಬೈಲಿನಲ್ಲಿ ಓಟ ಹಚ್ಚಿ ಹೊರಸಿನ ಮೇಲಿಟ್ಟ. ದೂರದ ಯಾವುದೋ ದೇಶ. ಕೆಂಪು ದೀಪಗಳು ಒಂದೊಂದಾಗಿ ಹೊತ್ತಿ ಒಮ್ಮೆಗೇ ಆರಿದವು. ಅಂಗೈಯಗಲದ ಪೆಟ್ಟಿಗೆಯಿಂದ ಆ ಸದ್ದು ಸಣ್ಣದಾಗಿ, ಬೀಸಣಿಕೆಯ ಗಾಳಿಯಷ್ಟೇ ಬಂತು. ಕಾರುಗಳು ಒಂದನ್ನೊಂದು ತಿವಿಯುತ್ತ ಮೊದಲ ತಿರುವಿಗೆ ನುಗ್ಗಿದವು.

ಧೋತರದ ಕೆಳಗೆ ಗುರಣ್ಣನ ಬಲ ಮೊಣಕಾಲು ಮುಂದಕ್ಕೆ ಚಾಚಿತು. ಇಲ್ಲದ ಪಾದದಿಂದ ಬ್ರೇಕನ್ನು ಬಲವಾಗಿ ಒತ್ತಿತು.

ಲಾಡ್ಲೆಸಾಬ ಮುಖ ತಿರುಗಿಸಿಕೊಂಡು ಬಾಗಿಲ ಕಡೆ ನೋಡತೊಡಗಿದ.