ಕೆರೆಯ ಏರಿಯಿಂದ ತಿರುಗಿ ಹೋದವನು

"ಕೈ ತಗೀರಿ," ಎಂದು ಸಾತಪ್ಪ ನಾಗಲಿಂಗಪ್ಪನ ಕೈಯಿಂದ ವಿಭೂತಿ ಬಟ್ಟಲನ್ನು ಕಿತ್ತುಕೊಂಡ. "ಬದುಕಿದ್ದಾಗ ಬಂದು ಮಾತಾಡಸಲಿಲ್ಲ. ಈಗ್ಯಾಕ?"

ಅಂಬೇವಾಡಿಯ ಆ ಖೋಲಿಯಲ್ಲಿ ಮಲಕಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕಾಗದದ ಕಾರ್ಖಾನೆಯಲ್ಲಿ ಬಿದಿರು ಹೊತ್ತ ಹೆಗಲು ಒಂದು ಕಡೆ ವಾಲಿತ್ತು. ಸಾತಪ್ಪ ಅವನ ಜೊತೆಗೆ ದುಡಿದವನು. ನಾಗಲಿಂಗಪ್ಪ ಒಡಹುಟ್ಟಿದ ತಮ್ಮ. ಸುದ್ದಿ ಮುಟ್ಟಿ ಮುಂಡಗೋಡದ ಬಳಿಯ ತಮ್ಮೂರು ಇಂದೂರಿನಿಂದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಬಾಗಿಲ ಬಳಿ ಕೂತಿದ್ದ ಆ ಹೆಂಡತಿ ಶಿವಗಂಗವ್ವ ಒಂದು ಕಾಲಕ್ಕೆ ಸತ್ತವನ ಹೆಂಡತಿಯಾಗಿದ್ದಳು.

"ಒಂದೀಟು ಅಳವಾ, ಎದಿ ಹಗರಾಗತೈತಿ," ಎಂದಳು ನೆರೆಮನೆಯ ಈರಕ್ಕ.

"ನನ್ನ ಮುಖಾ ನೋಡಂಗಿಲ್ಲ ಅಂದಂವಗ ನಾ ಯಾಕ ಅಳಲಿ?"

* * *

ಯುದ್ಧಕ್ಕೆ ಹೋದ ಮಲಕಪ್ಪ ಸಿಂಗಾಪುರದಲ್ಲಿ ಜಪಾನಿಗಳಿಗೆ ಸೆರೆ ಸಿಕ್ಕ. ಸತ್ತನೆಂದು ತಂತಿ ಬಂತು. ಹಿರಿಯರು ಕೂಡಿ, ಶಿವಗಂಗವ್ವನನ್ನೊಂದು ಮಾತು ಕೇಳದೆ, ಮೈದುನನಿಗೇ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಟ್ಟರು. ಕೂಸು ಹುಟ್ಟಿತು. ಯುದ್ಧ ಮುಗಿದ ಮೇಲೆ ಒಂದು ಸಂಜೆ ನಾಗಲಿಂಗಪ್ಪ ಹೊಲದಿಂದ ಬಂದವನು ಕಾಲು ಸಹ ತೊಳೆಯದೆ ಹೇಳಿದ: "ಅಣ್ಣ ಬದುಕ್ಯಾನ. ಮುಂಡಗೋಡದಾಗ ಸಿಕ್ಕಿದ್ದ. ಉಡಿಕ್ಯಾದಾಕಿ ಮುಖಾ ನೋಡಂಗಿಲ್ಲ ಅಂದ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಅವಳು ಅಲುಗಲಿಲ್ಲ. ಆಮೇಲೆಂದೂ ಮಲಕಪ್ಪನ ಹೆಸರೆತ್ತಲಿಲ್ಲ.

* * *

"ಯಾರ ಹೇಳಿದ್ರು ವೈನಿ, ಹಂಗಂತ?" ಸಾತಪ್ಪ ತಿರುಗಿ ಕೇಳಿದ.

"ವೈನಿ ಗೀನಿ ಅನಬ್ಯಾಡ! ಆಕಿ ಈಗ ನನ್ನ ಹೆಂಡ್ತಿ!" ನಾಗಲಿಂಗಪ್ಪ ಗದರಿದ.

"ಅಂತೀನಿ. ಜಪಾನಿಗಳು ಒಯ್ದು ಇಟ್ಟ ದ್ವೀಪದಾಗ ಹುಲ್ಲು, ಬೇರು ತಿಂದಾನ ಮಲಕಪ್ಪಣ್ಣ. ಸುತ್ತ ಮಂದಿ ಹಸದು ಸಾಯೂಮುಂದ ನಿಮ್ಮ ಅಡಗಿ ಮಾತು ಹೇಳ್ತಿದ್ದನಂತ. ಇವತ್ತ ಜುಣಕಾ, ನಾಳೆ ಪುಂಡಿಪಲ್ಲೆ. ಎಲ್ಲಾರೂ ಕಣ್ಣ ಮುಚಗೊಂಡು ಮನಸ್ಸಿನಾಗ ಉಣ್ಣಾವ್ರಂತ. ಅಂಥಾಂವ ನಿಮ್ಮ ಮುಖಾ ನೋಡಂಗಿಲ್ಲ ಅಂತಾನೇನ್ರಿ? ಇಂದೂರ ಕೆರಿ ಏರಿ ತನಕಾ ಬಂದಿದ್ದ. ಈ ತಮ್ಮನವ್ರ ಅಡ್ಡ ನಿಂತು, 'ನೀ ಊರಾಗ ಕಾಲಿಟ್ರ ಆಕಿ ಕೂಸಿನ ಕೂಡ ಬಾವಿ ಬೀಳ್ತೀನಂದಾಳ' ಅಂದ್ರಂತ. ಅದಕ್ಕ ತಿರುಗಿ ಬಂದ."

ಶಿವಗಂಗವ್ವ ಎದ್ದು ನಿಂತಳು. ಉಡಿಕಿಯಾದಾಗಿನಿಂದ ಗಂಡನಿಗೆ 'ನೀವು' ಎನ್ನುತ್ತಿದ್ದವಳ ನಾಲಗೆ ಏಕವಚನಕ್ಕೆ ಹೊರಳಿತು.

"ಹೇಳೋ. ನಾ ಅಂದಿದ್ನೇನು?"

"ಕೂಸಿತ್ತು," ಅವನು ನೆಲ ನೋಡಿದ. "ನೀ ಅವನ ಹಿಂದ ಹೋಗಿದ್ರ ನನಗೇನ ಉಳೀತಿತ್ತು?"

"ನನ್ನ ಕೇಳಬೇಕಿತ್ತು! ಹಿರ್ಯಾರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಜಪಾನಿ ಕೈಯಾಗ ಉಳದ ಬಂದಂವನ್ನ ನನ್ನ ಹೆಸರಿಲೆ ಕೊಂದಿ!"

ಹೆಣ ಎತ್ತಿದಾಗ ಹೆಂಗಸರು ಅಂಗಳದಲ್ಲೇ ಉಳಿದರು. ಅವಳು ಗಂಡಸರ ಹಿಂದೆ ನಡೆದಳು.

"ಹೆಣ್ಣಮಕ್ಕಳು ಕುಣಿ ತನಕಾ ಬರಬಾರದವಾ," ಎಂದರು ಕ್ರಿಯೆ ಮಾಡಿಸಲು ಬಂದ ಅಡಿವೆಯ್ಯನವರು. ಅವಳು ನಿಲ್ಲಲಿಲ್ಲ.

ಮಲಕಪ್ಪನನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ, ಪತ್ರಿ ಏರಿಸಿದರು. ಮಣ್ಣು ಹಾಕಲು ನಾಗಲಿಂಗಪ್ಪ ಬಗ್ಗಿದ. ಶಿವಗಂಗವ್ವ ಅವನ ಮುಂದೆಯೇ ಕೂತು, ಬಳೆ ತೊಟ್ಟ ಎರಡೂ ಕೈ ಕುಣಿಯ ದಂಡೆಯ ಕಲ್ಲಿನ ಮೇಲಿಟ್ಟಳು.

"ಏ, ಬಳಿ! ನಾ ಇನ್ನೂ ಜೀವಂತ ಅದೀನಿ!" ನಾಗಲಿಂಗಪ್ಪ ಕೂಗಿದ.

ಅವಳು ಅಪ್ಪಳಿಸಿದಳು. ಹಸಿರು ಗಾಜಿನ ಚೂರುಗಳು ಸಿಡಿದು ಅವನ ಪಾದದ ಮೇಲೆ ಬಿದ್ದವು. ರಕ್ತ ಒರೆಸಿಕೊಳ್ಳದೆ ಬೊಗಸೆ ತುಂಬ ಮಣ್ಣೆತ್ತಿ, ಅವಳು ಕುಣಿಯ ಕಡೆ ಬಾಗಿದಳು.