ಬಚ್ಚಲಿಗೊಂದು ಹೊಸ್ತಿಲು

"ತೂತು ಕೊರೀಬೇಕು ಅಂದ್ರೆ ಮೊದಲು ಈ ಕಪಾಟು ಖಾಲಿ ಆಗ್ಬೇಕು," ಎಂದ ಆರ್ನ್‌ಸ್ಟೈನ್. ಮನೆ ಮಾರುವ ಮೊದಲು ತಪಾಸಣೆಗೆ ಬಂದವನು, ಬಚ್ಚಲಿನ ಗೋಡೆಯೊಳಗೆ ತೇವ ಇದೆಯೇ ನೋಡಬೇಕಿತ್ತು. ಕೈಯಲ್ಲಿ ಕೊರೆಯುವ ಯಂತ್ರ, ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ.

ಇಂಗುನ್ ಮಹಡಿಯ ಮಲಗುವ ಕೋಣೆಯ ಕಪಾಟಿನ ಬಾಗಿಲು ತೆರೆದಳು. ಬಲಗಡೆ ಅವಳ ಬಟ್ಟೆ, ಎಡಗಡೆ ಗಂಡ ಐವಿನ್‌ನದು. ಬಚ್ಚಲಿನ ಗೋಡೆ ಇದ್ದದ್ದು ಎಡಗಡೆಗೇ. ಅವಳು ಒಂದೊಂದೇ ಅಂಗಿ ತೆಗೆಯುತ್ತಾ ಕೂರಲಿಲ್ಲ. ಎರಡೂ ತೋಳು ಚಾಚಿ ಎಲ್ಲವನ್ನೂ ಒಟ್ಟಿಗೆ ತಬ್ಬಿ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದಳು. ಹ್ಯಾಂಗರುಗಳು ಒಂದಕ್ಕೊಂದು ತಾಕಿ ಸದ್ದು ಮಾಡಿ ಸುಮ್ಮನಾದವು. ಅಕ್ಟೋಬರಿನಿಂದ ಯಾರೂ ಮುಟ್ಟದ ಬಟ್ಟೆಗಳು. ಆ ತಿಂಗಳ ಒಂದು ಮಧ್ಯಾಹ್ನ, ದೋಣಿ ರಿಪೇರಿಯ ಕಾರ್ಖಾನೆಯಲ್ಲಿ, ಕೈಯಲ್ಲಿ ಸ್ಪ್ಯಾನರು ಹಿಡಿದುಕೊಂಡೇ ಐವಿನ್‌ನ ಎದೆಬಡಿತ ನಿಂತುಹೋಗಿತ್ತು. ಈಗ ಮಾರ್ಚ್. ಹೊರಗೆ ಹಿಮ ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುತ್ತಿತ್ತು.

ಬಾಗಿಲಲ್ಲಿ ಐವಿನ್‌ನ ಅಪ್ಪ ಓಡ್ವರ್ ನಿಂತಿದ್ದ. ಅವನು ಬೆಳಿಗ್ಗೆಯೇ ಬಂದಿದ್ದ, ಬರುವಾಗ ಒಂದು ಹಾರೆಕೋಲನ್ನೂ ತಂದಿದ್ದ. ಯಾಕೆಂದು ಇಂಗುನ್ ಕೇಳಿರಲಿಲ್ಲ, ಅವನೇ ಹೇಳಿದ್ದ. "ಬಚ್ಚಲಿಗೆ ಕೆಂಪು ಬಿತ್ತು ಅಂದ್ರೆ ನಾನೇ ಕಿತ್ತು ಹಾಕ್ತೀನಿ, ಹುಡುಗಿ. ಬ್ಯೋರ್ಗ್ ಥರದವರು ವರದಿ ಹಿಡ್ಕೊಂಡು, ನೋಡಿ ಪಾಪ ಐವಿನ್ ಮಾಡಿದ್ದ ಬಚ್ಚಲು ಅಂತ ಅಂದಾಡೋದು ನನಗೆ ಬೇಡ."

ಬ್ಯೋರ್ಗ್ ರಸ್ತೆಯ ಕೆಳಗಿನ ಮನೆಯವಳು. ಊರಿನಲ್ಲಿ ಯಾವ ಮನೆ ಮಾರಾಟಕ್ಕೆ ಬಂದರೂ ನೋಡುವ ದಿನ ಹೋಗುತ್ತಾಳೆ. ಈವರೆಗೆ ಒಂದನ್ನೂ ಕೊಂಡಿಲ್ಲ. ಅವಳೊಬ್ಬಳೇ ಅಲ್ಲ, ಎಲ್ಲರೂ ಹೋಗುತ್ತಾರೆ. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲಿ ಕೋಣೆಯಿಂದ ಕೋಣೆಗೆ ತಿರುಗಿ, ತಪಾಸಣೆಯ ವರದಿಯಲ್ಲಿ ಎಲ್ಲೆಲ್ಲಿ ಹಸಿರು, ಎಲ್ಲೆಲ್ಲಿ ಹಳದಿ, ಎಲ್ಲೆಲ್ಲಿ ಕೆಂಪು ಎಂದು ಓದುತ್ತಾರೆ. ಹಸಿರೆಂದರೆ ಸರಿ, ಕೆಂಪೆಂದರೆ ದೊಡ್ಡ ದೋಷ.

ಆರ್ನ್‌ಸ್ಟೈನ್ ಯಂತ್ರ ಒತ್ತಿದ. ಕಪಾಟಿನ ಹಿಂಬದಿ ದುಂಡಗೆ ಕತ್ತರಿಸಿ ಬಂತು, ಅದರ ಹಿಂದೆ ಗೋಡೆಯ ಹಲಗೆಯೂ ಬಂತು. ಹೊಸದಾಗಿ ಸೀಳಿದ ಮರದ ವಾಸನೆ ಕೋಣೆಗೆ ಹರಡಿತು. ಐವಿನ್ ಈ ಗೋಡೆಯನ್ನು ಮುಚ್ಚಿದ್ದು ಹಿಂದಿನ ಚಳಿಗಾಲದಲ್ಲಿ. ಅವನ ಕೂದಲಿಗೆ ತಿಂಗಳುಗಟ್ಟಲೆ ಇದೇ ವಾಸನೆ ಇತ್ತು. ಇಂಗುನ್ ಹಾಸಿಗೆಯ ಅಂಚಿನಲ್ಲಿ, ಅಂಗಿಗಳ ಪಕ್ಕದಲ್ಲಿ ಕುಳಿತಳು.

ತಪಾಸಣೆಯವನು ತೂತಿನೊಳಗೆ ತೇವ ಅಳೆಯುವ ಮಾಪಕದ ಮೊನೆ ತೂರಿಸಿ, ಗೋಡೆಯ ಬುಡದ ಮರಕ್ಕೆ ಚುಚ್ಚಿ, ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ.

"ಏನಪ್ಪಾ, ಒಳಗೆ ಮಲಗ್ಬಿಟ್ಯಾ?" ಎಂದ ಓಡ್ವರ್.

"ಒಣಗಿದ ರೊಟ್ಟಿ ಥರ ಇದೆ. ದೊಡ್ಡ ದೊಡ್ಡ ಕಂಪನಿಯವರು ಮಾಡಿದ ಬಚ್ಚಲು ನೋಡಿದೀನಿ, ಗೋಡೆ ಒಳಗೆ ಅಣಬೆ ಬೆಳೆದಿರುತ್ತೆ. ಇದು ಒಣ."

ಓಡ್ವರ್ ಮುಖ ಅತ್ತ ತಿರುಗಿಸಿದ. "ನಾನು ಹೇಳ್ಲಿಲ್ವಾ," ಎಂದ. ಹಾಗೆ ಅವನು ಯಾರಿಗೂ ಹೇಳಿರಲಿಲ್ಲ.

"ಆದ್ರೆ ಕೆಂಪು ಹಾಕ್ಬೇಕಾಗುತ್ತೆ."

"ಒಣ ಅಂದ್ಯಲ್ಲೋ!"

"ಒಣ ಅಂತಾನೂ ಬರೀತೀನಿ. ಕೆಂಪು ಗೋಡೆಗಲ್ಲ, ಬಾಗಿಲಿಗೆ." ಆರ್ನ್‌ಸ್ಟೈನ್ ಎದ್ದು ಬಚ್ಚಲಿಗೆ ಹೋಗಿ, ಬಾಗಿಲ ಬಳಿ ಅಂಗೈಯಿಂದ ನೆಲ ಸವರಿದ. "ಇಲ್ನೋಡಿ, ಹೊಸ್ತಿಲೇ ಇಲ್ಲ. ನಡುಮನೆ ನೆಲಕ್ಕೂ ಇದಕ್ಕೂ ಒಂದೇ ಮಟ್ಟ. ನೀರು ಹೋಗೋ ಕಿಂಡಿ ಕಟ್ಟಿಕೊಂಡ್ರೆ ಮುಗೀತು, ಎಲ್ಲಾ ಈಚೆಗೇ. ಇಷ್ಟು ಚೆನ್ನಾಗಿ ಕಲ್ಲು ಕೂರಿಸೋ ಮನುಷ್ಯ ಇದನ್ನ ಹೇಗೆ ಮರೆತ ಅಂತ."

"ಮರೀಲಿಲ್ಲ. ನಾನು ಬಡ್ಕೊಂಡೆ, ಹೊಸ್ತಿಲು ಬಿಡೋ ಅಂತ. ಹಳೇದನ್ನ ಅವನೇ ಕಿತ್ತ. ಯಾಕೋ ಅಂದ್ರೆ ನಗ್ತಿದ್ದ," ಎಂದ ಓಡ್ವರ್.

ಇಬ್ಬರೂ ಇಂಗುನ್ ಕಡೆ ನೋಡಿದರು. ಅವಳು ಅಂಗಿಯೊಂದರ ಗುಂಡಿಯನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಸಂಜೆ ಹೆಗೆ ಎಂಬವಳು ಬಂದಳು. ಮನೆ ಮಾರಿಸಿಕೊಡುವವಳು, ಇಂಗುನ್ ಜೊತೆ ಒಂದೇ ಶಾಲೆಯಲ್ಲಿ ಓದಿದವಳು. ಕೋಟು ಬಿಚ್ಚುವ ಮೊದಲೇ ಮಾತು ಶುರು ಮಾಡಿದಳು. ಅಡುಗೆಮನೆ ಮುಟ್ಟುವುದು ಬೇಡ, ಕೊಳ್ಳುವವರು ಹೇಗಿದ್ದರೂ ಕಿತ್ತುಹಾಕುತ್ತಾರೆ. ಮಾಡಿನ ಮೇಲಿನ ಪಾಚಿ ಇರಲಿ, ಹಿಮ ಇರುವವರೆಗೂ ಅದು ಯಾರಿಗೂ ಕಾಣುವುದಿಲ್ಲ. ಮಹಡಿಯ ನಡುಮನೆಯ ಹಳದಿ ಗೋಡೆಗೆ ಬಿಳಿ ಬಳಿಯಬೇಕು. ಫೋಟೋಗಳನ್ನೆಲ್ಲ ಇಳಿಸಬೇಕು.

"ಎಲ್ಲಾನೂ?" ಎಂದಳು ಇಂಗುನ್.

"ಎಲ್ಲಾನೂ. ಬೇರೆಯವರ ಮದುವೆ ಫೋಟೋ ಕೆಳಗೆ ಯಾರೂ ತಮ್ಮ ಸೋಫಾನ ಕಲ್ಪಿಸ್ಕೊಳ್ಳಲ್ಲ ಕಣೇ. ಅಲ್ಲೊಂದು ಬಟ್ಟಲಲ್ಲಿ ನಿಂಬೆಹಣ್ಣು ಇಡು. ನಿಂಬೆಹಣ್ಣು ನೋಡ್ಕೊಂಡೇ ಮನೆ ತಗೊಂಡೋರನ್ನ ನೋಡಿದೀನಿ ನಾನು."

"ನಿಂಬೆಹಣ್ಣು ಒಣಗಿದ್ರೆ?" ಎಂದ ಓಡ್ವರ್.

"ಪ್ಲಾಸ್ಟಿಕ್ಕಿನವು ಇವೆ, ನಾನೇ ತರ್ತೀನಿ." ಹೆಗೆ ತಟ್ಟೆಯಲ್ಲಿದ್ದ ವೇಫಲ್ ದೋಸೆಯ ಮೇಲೆ ಕಂದು ಚೀಸ್ ಇಟ್ಟು ಮಡಚಿದಳು. "ಬಚ್ಚಲು ಬಿಚ್ಚಿ ಹೊಸದಾಗಿ ಮಾಡ್ಸೋದು ದಂಡ, ಹಾಕಿದ್ದು ವಾಪಸ್ ಬರಲ್ಲ. ಹೊಸ್ತಿಲು ಮಾತ್ರ ಹಾಕ್ಸು. ಮಾಡಬೇಕಾದ್ದು ಏನಾದ್ರೂ ಇದ್ರೆ ಅದೊಂದೇ. ಅರ್ಧ ದಿನದ ಕೆಲಸ. ಆರ್ನ್‌ಸ್ಟೈನ್ ಬಂದು ನೋಡಿ ಕೆಂಪು ತೆಗೀತಾನೆ. ಕೆಂಪು ಇದ್ರೆ ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಬೇಸಿಗೆವರೆಗೂ ನೀನು ಇಲ್ಲೇ. ಇರಕ್ಕಾಗುತ್ತಾ ನಿನಗೆ?"

ಆಗುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಒಬ್ಬಳ ಸಂಬಳದಲ್ಲಿ ಈ ಮನೆಯ ಸಾಲದ ಕಂತು ಕಟ್ಟಲಾಗುತ್ತಿರಲಿಲ್ಲ. ಟ್ರೊಂಡ್‌ಹೈಮ್ ನಗರದಲ್ಲಿ ಒಂದು ಕೋಣೆಯ ಮನೆಗೆ ಅವಳು ಆಗಲೇ ಮಾತು ಕೊಟ್ಟಿದ್ದಳು. ಅದರ ಕಿಟಕಿಯಿಂದ ಬಸ್ಸುಗಳು ಕಾಣುತ್ತವೆ. ಸಮುದ್ರ ಕಾಣುವುದಿಲ್ಲ. ಅದು ಅವಳಿಗೆ ಒಪ್ಪಿಗೆಯಾಗಿತ್ತು.

"ಹಾಕಿ," ಎಂದಳು.

"ಓಕ್ ಮರದ್ದು ಹಾಕ್ತೀನಿ," ಎಂದ ಓಡ್ವರ್. "ಪೈನ್ ಬೇಡ." ಹೋಗುವಾಗ ಹಾರೆಕೋಲನ್ನು ಕಾರಿನ ಹಿಂದೆ, ಕಂಬಳಿಯ ಕೆಳಗೆ ತುರುಕಿದ.

ಶನಿವಾರ ಅವನು ಬಂದ. ಮರವನ್ನು ಮನೆಯಲ್ಲೇ ಕೊಯ್ದು, ಉಜ್ಜಿ, ಎಣ್ಣೆ ಹಚ್ಚಿ ತಂದಿದ್ದ. ಬಚ್ಚಲಿನ ಬಾಗಿಲಲ್ಲಿ ಮಂಡಿಯೂರಿ ಕೂತು ನೀರು ತಡೆಯುವ ಪಟ್ಟಿ ಅಂಟಿಸಿದ. ಬಿಳಿ ಬಣ್ಣದ ಬ್ರಷ್ ಹಿಡಿದು ಇಂಗುನ್ ನಡುಮನೆಯ ಗೋಡೆಯ ಮುಂದೆ ನಿಂತಿದ್ದಳು. ಹಳದಿ ಆಯ್ದದ್ದು ಅವಳೇ. ಮೊಟ್ಟೆಯ ಹಳದಿಯೊಳಗೆ ಕೂತ ಹಾಗಿದೆ ಎಂದು ಐವಿನ್ ಗೊಣಗಿದ್ದ, ಆಮೇಲೆ ತಾನೇ ಬಳಿದಿದ್ದ. ಒಂದು ಕೈ ಬಿಳಿಗೆ ಅದು ಹೋಗಲಿಲ್ಲ. ಎರಡನೆಯದಕ್ಕೆ ಹೋಯಿತು.

"ಇದನ್ನ ಯಾಕೆ ಕಿತ್ತ ಅವನು?" ಓಡ್ವರ್ ತಲೆ ಎತ್ತದೆ ಕೇಳಿದ. "ನಿನಗೇನಾದ್ರೂ ಹೇಳಿದ್ನಾ?"

ಬ್ರಷ್ಷಿನಿಂದ ಒಂದು ತೊಟ್ಟು ನೆಲಕ್ಕೆ ಹಾಸಿದ ಕಾಗದದ ಮೇಲೆ ಬಿತ್ತು.

ಹಳೆಯ ಹೊಸ್ತಿಲು ಎತ್ತರವಿತ್ತು. ಇಂಗುನ್‌ಗೆ ಕನ್ನಡಕವಿಲ್ಲದೆ ಏನೂ ಕಾಣದು, ಆದರೆ ಎದ್ದೊಡನೆ ಕನ್ನಡಕ ಹಾಕಿಕೊಳ್ಳುವ ಅಭ್ಯಾಸವೂ ಇಲ್ಲ. ಬರಿಗಾಲಲ್ಲಿ ಬಚ್ಚಲಿಗೆ ಹೋಗುತ್ತಾ ಕಾಲಿನ ಕಿರುಬೆರಳು ಬಡಿದುಕೊಳ್ಳದ ಬೆಳಗು ಅಪರೂಪ. ಅವಳು ಕಿರುಚುತ್ತಿದ್ದಳು. ಹಾಸಿಗೆಯಿಂದ ಐವಿನ್, "ಏಳೂವರೆ ಆಯ್ತು ಅಂತ ಕಾಣುತ್ತೆ," ಎನ್ನುತ್ತಿದ್ದ. ಒಂದು ದಿನ ಉಗುರೇ ಕಿತ್ತುಬಂತು. ಅವನು ಅವಳನ್ನು ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂರಿಸಿ, ಬೆರಳಿಗೆ ಪಟ್ಟಿ ಕಟ್ಟಿ, ಅದಾದ ಮೇಲೆ ಕೆಳಗೆ ಹೋಗಿ ಸುತ್ತಿಗೆ ತಂದ. ಬಚ್ಚಲಿನ ಕೆಲಸ ಶುರುವಾದದ್ದೇ ಹಾಗೆ. ನೆಲವನ್ನೆಲ್ಲ ಕಿಂಡಿಯ ಕಡೆಗೆ ಇಳಿಜಾರು ಮಾಡಿದ, ಬಾಗಿಲ ಹತ್ತಿರ ಏನೂ ಇಲ್ಲದ ಹಾಗೆ. ಮುಗಿದ ದಿನ, "ಕಣ್ಣು ಮುಚ್ಕೊಂಡು ಬಾ," ಎಂದು ಆ ಕಡೆ ನಿಂತು ಕರೆದ. ಅವಳು ಬಂದಳು.

"ಗೊತ್ತಿಲ್ಲ," ಎಂದಳು ಇಂಗುನ್.

ಹೇಳಿದ್ದರೆ ಓಡ್ವರ್ ಮೊಳೆ ಹೊಡೆಯುತ್ತಿರಲಿಲ್ಲ.

ಓಡ್ವರ್ ಮೊಳೆಯನ್ನು ಮರದ ಮೇಲಿಟ್ಟ. ಆಮೇಲೆ ಹೊಡೆದ. ಎದ್ದು ನಿಂತು ಕಾಲಿನಿಂದ ಒತ್ತಿ ನೋಡಿದ. ಮರ ಅಲ್ಲಾಡಲಿಲ್ಲ. ಮೂಲೆಗಳು ಚೂಪಾಗಿ, ಅಂಚು ಗೆರೆ ಎಳೆದಂತಿತ್ತು. "ಹುಂ," ಎಂದ. ಒಳ್ಳೆಯ ಕೆಲಸಕ್ಕೆ ಅವನು ಅನ್ನುವುದು ಅಷ್ಟೇ.

ಸೋಮವಾರ ಆರ್ನ್‌ಸ್ಟೈನ್ ಬಂದು ಕೆಂಪು ತೆಗೆದ. ಆ ಬಾರಿ ಗೋಡೆಯ ತೂತಿಗೊಂದು ಬಿಳಿ ಮುಚ್ಚಳ ಸಿಕ್ಕಿಸಿ ಹೋದ. ಆ ವಾರವೆಲ್ಲ ಇಂಗುನ್ ಕೆಳಗೆ ಸೋಫಾದ ಮೇಲೆ ಮಲಗಿದಳು, ಕೆಳಗಿನ ಬಚ್ಚಲನ್ನು ಬಳಸಿದಳು. ಹೊಸ ಮರದ ಕಡೆ ಹೋಗಲಿಲ್ಲ.

ನೋಡುವವರು ಬರುವುದು ಭಾನುವಾರ ಒಂದು ಗಂಟೆಗೆಂದು ನಿಗದಿಯಾಗಿತ್ತು. ಹೆಗೆ ಬೇಗ ಬಂದು ಕೆಳಗೆ ದೀಪಗಳನ್ನೆಲ್ಲ ಹಾಕಿ, ಬಟ್ಟಲಲ್ಲಿ ನಿಂಬೆಹಣ್ಣು ಜೋಡಿಸುತ್ತಿದ್ದಳು. ಓಡ್ವರ್ ಹೊರಗೆ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಮರಳು ಎರಚುತ್ತಿದ್ದ. ಹೆಗೆ ತಂದ ಬಿಳಿ ಟವೆಲುಗಳನ್ನು ಇಂಗುನ್ ಗಲ್ಲದವರೆಗೂ ಪೇರಿಸಿಕೊಂಡು ಮಹಡಿ ಹತ್ತಿದಳು. ಒರೆಸಿದ ನೆಲದ ಮೇಲೆ ಕಲೆಯಾಗಬಾರದೆಂದು ಬರಿಗಾಲು. ಕಾಲುಗಳಿಗೆ ದಾರಿ ಗೊತ್ತಿತ್ತು. ಬಿಳಿಯಾದ ನಡುಮನೆ, ಎಡಕ್ಕೆ ತಿರುಗಿ ಬಚ್ಚಲು.

ಅವಳು ಕಿರುಚಿದಳು.

ಅದು ಹಳೆಯ ಕಿರುಚು. ಮನೆಯ ತುಂಬ ಕೇಳಿಸಿತು. ಟವೆಲುಗಳು ಬಚ್ಚಲಿನ ನೆಲದ ಮೇಲೆ ಚೆಲ್ಲಿದವು. ಅವಳು ಅವುಗಳ ನಡುವೆ ಕುಸಿದು ಕೂತು, ಕಿರುಬೆರಳನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಳು. ಹಾಸಿಗೆಯ ಕೋಣೆಯ ಬಾಗಿಲು ತೆರೆದಿತ್ತು. ಅವಳು ಆ ಕಡೆ ಕಿವಿಕೊಟ್ಟಳು. ಏನೂ ಕೇಳಿಸಲಿಲ್ಲ.

ಆಗ ಅವಳಿಗೆ ಅಳು ಬಂತು. ಚರ್ಚಿನಲ್ಲಿ ಬಾರದ್ದು, ಸ್ಮಶಾನದಲ್ಲಿ ಎಲ್ಲರೂ ಕಾದು ನಿಂತಾಗಲೂ ಬಾರದ್ದು.

ಓಡ್ವರ್ ಬೂಟು ಬಿಚ್ಚದೆ ಮೇಲೆ ಓಡಿಬಂದ. ಅದುಮಿ ಹಿಡಿದ ಬೆರಳನ್ನು ನೋಡಿದ. ಬರಿಗಾಲನ್ನು ನೋಡಿದ. ಹೊಸ್ತಿಲನ್ನು ನೋಡಿದ.

"ಓ," ಎಂದ.

ಇಂಗುನ್ ಹೌದೆಂದು ತಲೆಯಾಡಿಸಿದಳು.

"ಅದಕ್ಕಾ?"

ಅವಳು ಮತ್ತೆ ತಲೆಯಾಡಿಸಿದಳು.

"ಹೇಳ್ಬಾರ್ದಿತ್ತಾ, ಹುಡುಗಿ."

"ಹೇಳಿದ್ರೆ ಮನೆ ಮಾರೋಕ್ಕಾಗ್ತಿರ್ಲಿಲ್ಲ."

ಕೆಳಗಿನಿಂದ ಹೆಗೆ ಕೂಗಿದಳು. "ಏನಾಯ್ತು ಅಲ್ಲಿ? ಬ್ಯೋರ್ಗ್ ಆಗಲೇ ಗೇಟಲ್ಲಿ ನಿಂತಿದಾಳೆ! ನೀವಿಬ್ರೂ ಹೊರಡಿ ಇನ್ನು!"

"ನಿಂತಿರ್ಲಿ," ಎಂದ ಓಡ್ವರ್. ಅದು ಹೆಗೆಗೆ ಕೇಳಿಸುವಷ್ಟು ಗಟ್ಟಿಯಾಗಿರಲಿಲ್ಲ.

ಅವನು ಹೊಸ್ತಿಲಿನ ಆಚೆ ಮಂಡಿಯೂರಿದ. ಹೆಬ್ಬೆರಳಿನಿಂದ ಮರದ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದ. ಕೋಟಿನ ಜೇಬಿನಲ್ಲಿ ಕೈಯಾಡಿಸಿ ಮಡಿಸಿದ ಉಪ್ಪುಕಾಗದದ ಚೂರೊಂದನ್ನು ತೆಗೆದ. ಅಂಚನ್ನು ಉಜ್ಜತೊಡಗಿದ, ಮೊದಲು ಮೆಲ್ಲಗೆ, ಆಮೇಲೆ ಭಾರ ಹಾಕಿ. ಚೂಪು ಹೋಗಿ ಮರ ದುಂಡಗಾಗುತ್ತಾ ಬಂತು. ಕೆಳಗೆ ಬಾಗಿಲು ತೆರೆದು, ಬೂಟುಗಳನ್ನು ಬಿಚ್ಚುವ ಸದ್ದು ಕೇಳಿಸಿತು. ಅವನು ನಿಲ್ಲಿಸಲಿಲ್ಲ. ಓಕ್ ಮರದ ಹುಡಿ ಬಿಳಿ ಟವೆಲುಗಳ ಮೇಲೆ ಬೀಳುತ್ತಿತ್ತು.