ಕುಸುಬಿ ಎಣ್ಣೆ ಕುಡಿದ ಬೇಕಲೈಟ್

ಚಂದಪ್ಪನ ಬಾವಿಯ ಮೋಟಾರು ಮತ್ತೆ ಸುಟ್ಟಿತ್ತು. ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಜೈನುದ್ದೀನನ ಅಂಗಡಿಯ ಮುಂದೆ ಇಳಿಸಿದ ಚಂದಪ್ಪ, ತಲೆಯ ಪಟಗ ಬಿಚ್ಚಿ ಮುಖ ಒರೆಸಿಕೊಂಡ.

"ಜೈನು, ಇದೊಂದ್ ಸಲ ನೋಡ್ತೇನಿ. ಮತ್ತ ಸುಟ್ಟಿತಂದ್ರ ಸೊಲ್ಲಾಪುರಕ್ಕ ಒಯ್ತೇನಿ. ಚಂದಪ್ಪನ ಮೋಟಾರ್ ನೀರ್ ಎತ್ತಾಕಲ್ಲ, ಹೊಗಿ ಬಿಡಾಕ ಐತಿ ಅಂತ ಮಂದಿ ನಗಾಕತ್ತಾರ."

"ಹೌದ್ರಿ ಕಾಕಾ," ಎಂದ ಜೈನುದ್ದೀನ.

ಹೊಲಗಳಿಗೆ ಕರೆಂಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಿಂದಗಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಅವನದೊಂದೇ. ಚಂದಪ್ಪನ ಮೋಟಾರು ಸೊಲ್ಲಾಪುರದ ದಾರಿ ಹಿಡಿದರೆ ಉಳಿದವೂ ಅದರ ಬೆನ್ನು ಹತ್ತುತ್ತವೆ. ಅವನು ಮತ್ತೆ ಸೈಕಲ್ ಪಂಕ್ಚರ್ ಹಾಕುತ್ತ ಕೂಡಬೇಕು.

ಬಿಚ್ಚಿ ನೋಡಿದ. ತಂತಿಯ ಸುರುಳಿಗಳಿಗೆ ತಾನೇ ಕುಡಿಸಿದ್ದ ಬೇಕಲೈಟ್ ವಾರ್ನಿಷ್ ಒಣಗಿ ಗಾಜಿನಂತಾಗಿತ್ತು. ಆ ಪ್ಲಾಸ್ಟಿಕ್ಕಿನ ಹೊದಿಕೆ ಇಡಿಯಾಗಿರುವವರೆಗೆ ಕರೆಂಟು ಒಂದು ಎಳೆಯಿಂದ ಇನ್ನೊಂದಕ್ಕೆ ಹಾರುವುದಿಲ್ಲ. ಪಂಪಿನ ನಡುಕಕ್ಕೆ ಅದು ಸಣ್ಣಗೆ ಬಿರಿದಿತ್ತು. ಬಾವಿಯ ತೇವ ಬಿರುಕಿನೊಳಗೆ ಹೊಕ್ಕಿತ್ತು. ದಪ್ಪಗೆ ಬಳಿದರೆ ಇನ್ನೂ ಬೇಗ ಬಿರಿಯುತ್ತದೆಂದು ಹಿಂದಿನ ಸಲವೇ ಕಂಡಿದ್ದ.

ಮಧ್ಯಾಹ್ನ ಮನೆಗೆ ಹೋದರೆ ಅಡುಗೆಮನೆಯ ತುಂಬ ಹೊಗೆ. ಹಸಿ ವಾಸನೆ ಹೋಗಲೆಂದು ಕುಸುಬಿ ಎಣ್ಣೆಯನ್ನು ಒಲೆಯ ಮೇಲಿಟ್ಟ ತಾಯಿ ಜನ್ನತಬಿ ಬಾಗಿಲಲ್ಲಿ ನೆರೆಮನೆಯವಳ ಜೊತೆ ಮಾತಿಗೆ ನಿಂತುಬಿಟ್ಟಿದ್ದಳು. ಎಣ್ಣೆ ಕಾಕಂಬಿಯಂತೆ ಗಟ್ಟಿಯಾಗಿತ್ತು.

"ಏನ್ ಮಾಡ್ಲೆಪಾ, ಶೇವಂತೆವ್ವ ಬಸರಿ ಮಗಳ ಕುಬಸದ ಸುದ್ದಿ ತಗದ್ಲು. ಅರ್ಧಕ್ಕ ಬಿಟ್ಟ ಬರಾಕ ಆಗ್ತೈತೇನು?"

ಕಡಾಯಿಯ ಅಂಚಿಗೆ ಎಣ್ಣೆ ತೊಗಲಿನಂತೆ ಅಂಟಿತ್ತು. ಜೈನುದ್ದೀನ ಉಗುರಿನಿಂದ ಎಬ್ಬಿಸಿದ. ಎಳೆದರೆ ಬಗ್ಗಿತು, ಬಿರಿಯಲಿಲ್ಲ. ನೀರು ಹನಿಸಿದ, ಜಾರಿಹೋಯಿತು.

"ಅಮ್ಮಾ, ಈ ಎಣ್ಣಿ ಚೆಲ್ಲಬ್ಯಾಡ. ನನಗ ಬೇಕು."

"ಉಣ್ಣಾಕ ಬಂದಿಯೋ, ನನ್ನ ಕಡಾಯಿ ಒಯ್ಯಾಕ ಬಂದಿಯೋ?"

ಅಂಗಡಿಯ ಹಿಂದೆ ಆ ಎಣ್ಣೆಗೆ, ವಾರ್ನಿಷ್ ಮಾಡಲು ತಂದಿಟ್ಟಿದ್ದ ಬೇಕಲೈಟ್ ರಾಳದ ಹರಳು ಹಾಕಿ ಕುದಿಸಿದ. ಎಣ್ಣೆ ಒಂದು ಕಡೆ, ರಾಳ ಒಂದು ಕಡೆ ನಿಂತವು. ಮರುದಿನ ಉರಿ ತಗ್ಗಿಸಿ, ಕಲಕುತ್ತ ಕಲಕುತ್ತ ಕೂತ. ಹೊತ್ತು ಇಳಿಯುವಾಗ ಎರಡೂ ಒಂದಾದವು. ಹನಿ ಎತ್ತಿದರೆ ನೂಲಿನಂತೆ ಎಳೆ ಬಂತು. ಆರಿದ ಮೇಲೆ ಟರ್ಪಂಟೈನ್ ಬೆರೆಸಿ ತೆಳ್ಳಗೆ ಮಾಡಿ, ಹೊಸ ಸುರುಳಿಗಳಿಗೆ ಕುಡಿಸಿದ. ಒಂದು ತಗಡಿನ ಚೂರಿಗೂ ಬಳಿದ. ಎಲ್ಲವನ್ನೂ ಗಾಳಿಗೆ ತೂಗುಹಾಕಿ, ಟರ್ಪಂಟೈನ್ ವಾಸನೆ ಹೋದ ಮೇಲೆ ಬೇಕರಿಯ ಬಂದೇನವಾಜನ ಬಳಿಗೆ ಹೊತ್ತೊಯ್ದ. ಕಾವಿಲ್ಲದೆ ಬೇಕಲೈಟ್ ಗಟ್ಟಿಯಾಗದು. ಬೆಂದ ಪಾವು-ಬ್ರೆಡ್ಡು ತೆಗೆದ ಮೇಲೂ ಅಲ್ಲಿಯ ಭಟ್ಟಿಯಲ್ಲಿ ಬೇಕಾದಷ್ಟು ಕಾವು ಇರುತ್ತಿತ್ತು.

"ಮೋಟಾರ್ ಬೇಯಿಸಿ ಯಾರಿಗೆ ಉಣಸ್ತೀಯಲೇ?"

"ಚಂದಪ್ಪ ಕಾಕಾಗ."

ಬೆಂದು ಬಂದ ತಗಡನ್ನು ಮಡಚಿದ, ಹೊದಿಕೆ ಬಿಡಲಿಲ್ಲ. ಬಕೆಟ್ಟಿನ ನೀರಲ್ಲಿ ನೆನೆಸಿಟ್ಟು, ತೆಗೆದು ಒರೆಸಿ, ಬಲ್ಬಿನ ತಂತಿಗಳನ್ನು ಅದರ ಎರಡೂ ಕಡೆ ಹಚ್ಚಿದ. ಬಲ್ಬು ಹತ್ತಲಿಲ್ಲ; ಹೊದಿಕೆ ದಾಟಿ ಕರೆಂಟು ಹಾಯ್ದಿರಲಿಲ್ಲ. ಬಲ್ಬೇ ಸತ್ತಿರಬಹುದೆಂದು ತಂತಿಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದ, ಭಗ್ಗನೆ ಹತ್ತಿತು.

ಬಂದೇನವಾಜನಿಗೆ ಮಾತ್ರ ಗಿರಾಕಿಗಳ ಕಾಟ. "ಪಾವಿಗೆ ವಾರ್ನಿಷ್ ವಾಸನಿ ಹತ್ತೈತಿ ಅಂತಾರ. ಇದನ್ನ ತಿಂದ್ರ ಕರೆಂಟ್ ಹೊಡ್ಯಂಗಿಲ್ಲ ಅಂತ ಹೇಳೇನಿ."

ಬಾವಿಯ ಹತ್ತಿರ ಚಂದಪ್ಪನೇ ಸ್ವಿಚ್ ಒತ್ತಿದ. ಮೋಟಾರು ಗುಂಯ್ ಎಂದಿತು; ಪಂಪಿನ ಸಂದಿಯಿಂದ ಎಂದಿನಂತೆ ನೀರು ಸಿಡಿದು ಅದರ ಮೈ ತೋಯಿಸಿತು. ಸ್ವಲ್ಪ ಹೊತ್ತಿಗೆ ಚಂದಪ್ಪ ಮೂಗು ಅರಳಿಸಿದ.

"ಸುಡಾಕತ್ತೈತೇನೋ?"

ಜೈನುದ್ದೀನ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದ. ಉಗುರುಬೆಚ್ಚಗಿತ್ತು. "ಎಣ್ಣಿ ವಾಸನಿರೀ ಕಾಕಾ. ನಡೀಲಿ ಬಿಡ್ರಿ."

ನಡೆಯಿತು. ಕಬ್ಬಿನ ಸಾಲುಗಳು ತುಂಬಿದವು, ಬದುವಿನಾಚೆಯ ಶೇಂಗಾ ತೊಯ್ದಿತು. ಹೊತ್ತು ಮುಳುಗುವಾಗಲೂ ಚಂದಪ್ಪನಿಗೆ ಬಂದ್ ಮಾಡುವ ಮನಸ್ಸಿರಲಿಲ್ಲ.

"ಇಂಡಿ ಊರಾಗ ನಮ್ಮ ಬೀಗರ ಮೋಟಾರ್ ಸುಟ್ಟ ಕುಂತೈತಿ," ಎಂದ. "ಸೊಲ್ಲಾಪುರಕ್ಕ ಒಯ್ಯಬ್ಯಾಡ್ರಿ, ಸಿಂದಗಿಗೆ ತರ್ರಿ ಅಂತ ಹೇಳ್ತೇನಿ."

ಜೈನುದ್ದೀನ ಅಂಗಿ ಕಳಚಿ ಕಲ್ಲಿನ ಮೇಲಿಟ್ಟು, ಪೈಪಿನ ಬಾಯಿಯ ಕೆಳಗಿನ ತೊಟ್ಟಿಗೆ ಇಳಿದು, ಧೋ ಎಂದು ಬೀಳುವ ನೀರಿಗೆ ತಲೆ ಕೊಟ್ಟು ಕೂತ.